ಕಾರು ಓಡಿಸಿದ ಮೇಲೆ ಬಲಗಾಲಿನ ಗಂಟು ನೋವು, ಕೂರುವ ರೀತಿ ಸರಿ ಮಾಡಿಕೊಂಡರೆ ಹೋಗುತ್ತದಾ?

ಕಲ್ಪತರು ಗಾಡಿ:

ನಮಸ್ಕಾರ. ನಾನಿರುವುದು ತುಮಕೂರು, ಕೆಲಸ ಪೀಣ್ಯದಲ್ಲಿ. ಒಂದು ಸಣ್ಣ ಕಾರ್ಖಾನೆಯ ಲೆಕ್ಕ ನೋಡಿಕೊಳ್ಳುತ್ತೇನೆ. ಮೊದಲೆಲ್ಲ ರೈಲಿನಲ್ಲೇ ಓಡಾಟ. ಈಗ ಸಂಜೆ ಎಷ್ಟೊತ್ತಿಗೆ ಬಿಡುತ್ತಾರೆ ಅನ್ನುವುದೇ ಗೊತ್ತಿರುವುದಿಲ್ಲ. ಹಾಗಾಗಿ ವಾರದಲ್ಲಿ ಕೆಲವು ದಿನ ಕಾರು ತಗೊಂಡು ಹೋಗುತ್ತೇನೆ. ಹಳೇ ಹ್ಯಾಚ್‌ಬ್ಯಾಕ್, ಮ್ಯಾನ್ಯುವಲ್ ಗೇರ್. ಒಂದು ಕಡೆಗೆ ಸುಮಾರು 60 ಕಿ.ಮೀ.

ನೋವು ಬಲಗಾಲಿನದು. ಕ್ಯಾತ್ಸಂದ್ರ ಟೋಲ್ ದಾಟಿ ಹೆದ್ದಾರಿಯಲ್ಲಿ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ದಾಬಸ್‌ಪೇಟೆ ಕಳೆದು ನೆಲಮಂಗಲ ಹತ್ತಿರ ಬರುವಷ್ಟರಲ್ಲಿ ಪಾದದ ಗಂಟಿನ ಮುಂದೆ, ಷೂ ಲೇಸ್ ಕಟ್ಟುವ ಜಾಗಕ್ಕಿಂತ ಸ್ವಲ್ಪ ಮೇಲೆ, ಒಂಥರಾ ಎಳೆತ ಶುರುವಾಗುತ್ತದೆ. ಎಂಟನೇ ಮೈಲಿಯಿಂದ ಜಾಲಹಳ್ಳಿ ಕ್ರಾಸ್ ಕಡೆ ತೆವಳುವಾಗ ಅದೇ ಎಳೆತ ಮುಂಗಾಲಿನ ಮೂಳೆ ಪಕ್ಕದಲ್ಲಿ ಮೇಲಕ್ಕೆ ಹತ್ತುತ್ತದೆ. ಗಾಡಿ ನಿಲ್ಲಿಸಿ ಇಳಿದರೆ ಮೊದಲ ಕೆಲವು ಹೆಜ್ಜೆ ಕುಂಟು. ಗೇಟಿನ ಸೆಕ್ಯುರಿಟಿಯವರು "ಏನ್ ಮೇಡಂ, ಎಲ್ಲಾದ್ರೂ ಎಡವಿದ್ರಾ?" ಅಂತ ಕೇಳುವುದು ಮಾಮೂಲಾಗಿದೆ.

ಬೆಳಗ್ಗೆ ಎದ್ದಾಗ ನೋವಿಲ್ಲ. ರೈಲಿನಲ್ಲಿ ಹೋದ ದಿನವೂ ಇಲ್ಲ. ಊತ ಇಲ್ಲ, ಬಿದ್ದಿಲ್ಲ, ಉಳುಕಿಲ್ಲ. ಮೆಡಿಕಲ್ ಶಾಪ್‌ನವರು ಒಂದು ಸ್ಪ್ರೇ ಕೊಟ್ಟರು. ಪಕ್ಕದ ಮನೆಯವರು ವಾತ ಅಂದರು, ಆಲೂಗಡ್ಡೆ ಬಿಡಿ ಅಂದರು. ಆಲೂಗಡ್ಡೆ ಬಿಡುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು.

ನನ್ನ ಎತ್ತರ 5 ಅಡಿ 1 ಇಂಚು. ಕಾರಿನ ಸೀಟ್ ಹಿಂದೆ ಮುಂದೆ ಹೋಗುತ್ತದೆ, ಬೆನ್ನು ವಾಲುತ್ತದೆ. ಮೇಲೆ ಕೆಳಗೆ ಮಾಡುವ ಹಿಡಿ ಇಲ್ಲ. ಸ್ಟಿಯರಿಂಗ್ ಮಾತ್ರ ಮೇಲೆ ಕೆಳಗೆ ಆಗುತ್ತದೆ. ಬಾನೆಟ್ ಕಾಣಲಿ ಅಂತ ಒಂದು ಕುಶನ್ ಹಾಕಿಕೊಂಡು ಕೂರುತ್ತೇನೆ. ಇದರಲ್ಲಿ ಯಾವುದನ್ನು ಮೊದಲು ಬದಲಿಸಬೇಕು?

ಮಲ್ಲೇಶ್ವರ ಮೂಲೆ:

ಮೇಡಂ, ಆಟೋಮ್ಯಾಟಿಕ್ ತಗೊಳ್ಳಿ. ಆ ರೋಡಿನಲ್ಲಿ ಕ್ಲಚ್ ಒತ್ತಿ ಒತ್ತಿ ಯಾರ ಕಾಲೂ ಉಳಿಯುವುದಿಲ್ಲ.

ಕಲ್ಪತರು ಗಾಡಿ:

ಸಾರ್, ಕ್ಲಚ್ ಒತ್ತುವ ಕಾಲು ಚೆನ್ನಾಗಿಯೇ ಇದೆ. ನೋಯುವುದು ಬಲಗಾಲು. ಆಟೋಮ್ಯಾಟಿಕ್‌ನಲ್ಲೂ ಬ್ರೇಕು, ಆಕ್ಸಿಲರೇಟರ್ ಎರಡಕ್ಕೂ ಬಲಗಾಲೇ ಅಲ್ವಾ?

ಶಿರಾಡಿ ಸವಾರ:

ಸರಿಯಾಗಿ ಹೇಳಿದಿರಿ. ನಾನು ಹಾಸನದವನು, ಟ್ಯಾಕ್ಸಿ ಓಡಿಸುತ್ತೇನೆ. ಹಾಸನ–ಮಂಗಳೂರು ಜಾಸ್ತಿ, ಮಧ್ಯೆ ಮಧ್ಯೆ ಬೆಂಗಳೂರು ಏರ್‌ಪೋರ್ಟ್. ಕಾಲು ನೋವು ಅಂದರೆ ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಒಂದೊಂದು ಕಥೆ ಇದೆ. ಕಾಲಿಗೆ ಎಣ್ಣೆ ಹಚ್ಚುವವರೇ ಹೆಚ್ಚು, ಸೀಟ್ ಮುಟ್ಟುವವರು ಕಡಿಮೆ.

ಮೊದಲು ಒಂದು ಕೆಲಸ ಮಾಡಿ. ನಾಳೆ ಬೆಳಕಿನಲ್ಲಿ ಡ್ರೈವರ್ ಕಡೆಯ ಮ್ಯಾಟ್ ತೆಗೆದು ಬಿಸಿಲಿಗೆ ಹಿಡಿಯಿರಿ. ಬಲಗಾಲಿನ ಹಿಮ್ಮಡಿ ಎಲ್ಲಿ ಕೂರುತ್ತದೋ ಅಲ್ಲಿ ಸವೆದಿರುತ್ತದೆ. ನನ್ನ ಗಾಡಿಯ ಮ್ಯಾಟ್‌ನಲ್ಲಿ ಬ್ರೇಕ್ ಪೆಡಲ್‌ನ ನೇರಕ್ಕೆ, ಒಂದು ಕೂದಲು ಬಲಕ್ಕೆ, ಐದು ರೂಪಾಯಿ ನಾಣ್ಯದಷ್ಟು ಅಗಲದ ಗುಳಿ ಬಿದ್ದಿದೆ. ಅಂದರೆ ಹಿಮ್ಮಡಿ ಒಂದೇ ಕಡೆ ಕೂತು ಪಾದ ಮಾತ್ರ ತಿರುಗಿದೆ. ನಿಮ್ಮದರಲ್ಲಿ ಗುಳಿಯ ಬದಲು ಅಡ್ಡಡ್ಡ ಗೀರು ಇದ್ದರೆ ಹಿಮ್ಮಡಿ ಅಲೆಯುತ್ತಿದೆ ಅಂತ. ಗುರುತೇ ಇಲ್ಲದಿದ್ದರೆ ಹಿಮ್ಮಡಿ ಗಾಳಿಯಲ್ಲಿದೆ. ಆ ಮ್ಯಾಟ್ ಸುಳ್ಳು ಹೇಳುವುದಿಲ್ಲ.

ಇನ್ನು ಕೂರುವ ವಿಷಯ. ತುಂಬಾ ಜನ ಕೈಯಿಂದ ಶುರು ಮಾಡುತ್ತಾರೆ. ಸ್ಟಿಯರಿಂಗ್ ಹಿಡಿದು ನೋಡುತ್ತಾರೆ, "ಹಾಂ, ಸರಿ ಇದೆ" ಅಂತ ಹೊರಡುತ್ತಾರೆ. ಹಾಗಲ್ಲ. ಮೊದಲು ಕಾಲು, ಆಮೇಲೆ ಬೆನ್ನು, ಕೊನೆಗೆ ಕೈ.

ಇಂಜಿನ್ ಆಫ್ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಸೊಂಟವನ್ನು ಸೀಟಿನ ಹಿಂದಿನ ಮೂಲೆಗೆ ಒತ್ತಿ ಕೂರಿ. ನೀವು ದಿನಾ ಹಾಕುವ ಚಪ್ಪಲಿಯೋ ಷೂವೋ ಹಾಕಿಕೊಂಡೇ ಕೂರಿ, ಬರಿಗಾಲಲ್ಲಿ ಅಳತೆ ತಗೋಬೇಡಿ. ಎಡಗಾಲಿನಿಂದ ಕ್ಲಚ್ ಪೂರ್ತಿ ಕೆಳಗೆ ಒತ್ತಿ. ಒತ್ತಿದ ಮೇಲೂ ಮೊಣಕಾಲು ಸ್ವಲ್ಪ ಬಗ್ಗಿರಬೇಕು. ಪೂರ್ತಿ ನೇರ ಆದರೆ ಸೀಟ್ ದೂರ ಆಯಿತು. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಬಗ್ಗಿದರೆ ಹತ್ತಿರ ಆಯಿತು. ಹತ್ತಿರ ಇದ್ದರೆ ಏನಾಗುತ್ತದೆ ಅಂದರೆ ಪಾದ ನಿಮ್ಮ ಕಡೆಗೇ ಮಡಚಿಕೊಂಡಿರುತ್ತದೆ. ಪೆಡಲ್ ಒತ್ತದೇ ಇರುವುದಕ್ಕೇ ಶಕ್ತಿ ಬೇಕಾಗುತ್ತದೆ. ನೀವು ಹೇಳುವ ಜಾಗದ ನೋವು ಕೇಳಿದರೆ ನನಗೆ ಇದೇ ಅನ್ನಿಸುತ್ತಿದೆ.

ಈಗ ಬಲಗಾಲು. ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲದ ಮೇಲೆ ಇಡಿ. ಅಲ್ಲಿಂದ ಪಾದದ ಮುಂಭಾಗ ಬಲಕ್ಕೆ ತಿರುಗಿದರೆ ಆಕ್ಸಿಲರೇಟರ್ ಸಿಗಬೇಕು, ವಾಪಸ್ ತಿರುಗಿದರೆ ಬ್ರೇಕ್. ಪೆಡಲ್ ಮೇಲೆ ಕೂರಬೇಕಾದ್ದು ಹೆಬ್ಬೆರಳಿನ ಬುಡದ ಉಬ್ಬು. ಬೆರಳ ತುದಿಯಲ್ಲ, ನಡು ಅಂಗಾಲೂ ಅಲ್ಲ. ಜೋರಾಗಿ ಬ್ರೇಕ್ ಹೊಡೆಯುವಾಗ ಹಿಮ್ಮಡಿ ಎದ್ದರೆ ತಪ್ಪೇನಿಲ್ಲ, ಆಗ ತೊಡೆಯ ಬಲವೇ ಬೇಕು. ನಾನು ಹೇಳುತ್ತಿರುವುದು ಟ್ರಾಫಿಕ್‌ನಲ್ಲಿ ಮೆತ್ತಗೆ ಒತ್ತುವ ಬ್ರೇಕ್ ಬಗ್ಗೆ.

ಆಮೇಲೆ ಬೆನ್ನು. ತೀರಾ ನೆಟ್ಟಗೆ ಬೇಡ, ಸೋಫಾದಲ್ಲಿ ಒರಗಿದಷ್ಟೂ ಬೇಡ. ಹೆಗಲು ಸೀಟಿಗೆ ತಾಗಿರುವಾಗಲೇ ಕೈ ಚಾಚಿದರೆ ಮಣಿಕಟ್ಟು ಸ್ಟಿಯರಿಂಗಿನ ಮೇಲ್ತುದಿಗೆ ಬರಬೇಕು. ಎದೆಗೂ ಸ್ಟಿಯರಿಂಗಿನ ನಡುಭಾಗಕ್ಕೂ 25 ಸೆಂಟಿಮೀಟರ್ ಆದರೂ ಇರಲಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಆ ಜಾಗ ಬೇಕು. ನಿಮ್ಮಂಥ ಎತ್ತರದವರಿಗೆ ಕಾಲಿಗೆ ಅಂತ ಸೀಟ್ ಮುಂದೆ ಎಳೆದರೆ ಎದೆ ಹತ್ತಿರ ಬಂದುಬಿಡುತ್ತದೆ. ಆಗ ಬೆನ್ನನ್ನು ಒಂದು ಹಲ್ಲು ಹಿಂದೆ ವಾಲಿಸಿ, ಸ್ಟಿಯರಿಂಗ್ ಕೆಳಗೆ ಇಳಿಸಿ.

ಕೊನೆಯದಾಗಿ ಮೊಣಕಾಲ ಹಿಂದೆ ಬೆರಳು ಹಾಕಿ ನೋಡಿ. ಸೀಟಿನ ಅಂಚಿಗೂ ಮೊಣಕಾಲ ಮಡಿಕೆಗೂ ನಡುವೆ ಎರಡು ಬೆರಳು ಹೋಗಬೇಕು. ಅಂಚು ಒತ್ತುತ್ತಿದ್ದರೆ ಕಾಲು ಜೋಮು ಹಿಡಿಯುತ್ತದೆ.

ಕುಶನ್ ಎಂಥದ್ದು? ಮೆತ್ತನೆಯದಾ?

ಕಲ್ಪತರು ಗಾಡಿ:

ಮ್ಯಾಟ್ ತೆಗೆದು ನೋಡಿದೆ. ಬ್ರೇಕ್ ಕೆಳಗೆ ಏನೂ ಇಲ್ಲ, ಹೊಸ ಮ್ಯಾಟ್ ಹಾಗಿದೆ. ಆಕ್ಸಿಲರೇಟರ್ ಕೆಳಗೆ ಮಾತ್ರ ಓರೆಯಾಗಿ ಒಂದು ಗೀರು, ಅಂಗೈ ಉದ್ದ.

ಆಮೇಲೆ ಕೂತು ನೋಡಿದೆ. ನನ್ನದು 4ನೇ ಸೈಜಿನ ಪಾದ. ಹಿಮ್ಮಡಿ ನೆಲಕ್ಕಿಟ್ಟರೆ ಬ್ರೇಕ್ ಪೆಡಲ್‌ನ ಕೆಳ ಅಂಚಿಗೆ ಬೆರಳು ಮಾತ್ರ ತಾಗುತ್ತದೆ. ಹಾಗಾಗಿ ಬ್ರೇಕಿಗೆ ಪ್ರತಿ ಸಲ ಕಾಲನ್ನೇ ಎತ್ತಿ ಇಡುತ್ತಿದ್ದೇನೆ. ಕುಶನ್ ಮೆತ್ತನೆಯದೇ, ಸೋಫಾದ್ದು. ತೆಗೆದರೆ ಹಿಮ್ಮಡಿ ಕೂರುತ್ತದೆ, ಆದರೆ ಬಾನೆಟ್ ಕಾಣುವುದಿಲ್ಲ!

ನೋವಿನ ಕೀಲು:

ನಾನು ಫಿಸಿಯೋಥೆರಪಿಸ್ಟ್, ದಾವಣಗೆರೆಯಲ್ಲಿದ್ದೇನೆ. ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು. ಆದರೆ ನಿಮ್ಮ ವಿವರ ಚೆನ್ನಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಕುರ್ಚಿಯಲ್ಲಿ ಕೂತು, ಮುಂಗಾಲಿನ ಮೂಳೆಯ ಹೊರಬದಿಯಲ್ಲಿ ಎರಡು ಬೆರಳು ಇಡಿ. ಹಿಮ್ಮಡಿ ನೆಲದಲ್ಲೇ ಇರಲಿ, ಪಾದದ ಮುಂಭಾಗ ಮಾತ್ರ ಎತ್ತಿ. ಬೆರಳ ಕೆಳಗೆ ಒಂದು ಪಟ್ಟಿ ಗಟ್ಟಿಯಾಗುವುದು ಗೊತ್ತಾಗುತ್ತದೆ. ಅದು ಟಿಬಿಯಾಲಿಸ್ ಆಂಟೀರಿಯರ್ ಅನ್ನುವ ಸ್ನಾಯು. ಪಾದವನ್ನು ಮೇಲಕ್ಕೆ ಎಳೆಯುವುದು ಅದರ ಕೆಲಸ. ಅದರ ಹುರಿ ಪಾದದ ಗಂಟಿನ ಮುಂದೆಯೇ, ನೀವು ಹೇಳಿದ ಲೇಸ್ ಜಾಗದ ಮೇಲೆಯೇ ಹಾದು ಕೆಳಗೆ ಹೋಗುತ್ತದೆ. ಈಗ ಹಿಮ್ಮಡಿಯನ್ನೂ ಎತ್ತಿ, ಪಾದವನ್ನು ಇಲ್ಲದ ಪೆಡಲ್ ಮೇಲೆ ಹಿಡಿದಿರಿ. ಒಂದು ನಿಮಿಷ ಸಾಕು. ಅದೇ ಎಳೆತ ಶುರುವಾದರೆ ನಿಮ್ಮ ಉತ್ತರ ಬಹುಪಾಲು ಸಿಕ್ಕಿತು.

ಸ್ನಾಯುವಿಗೆ ಕೆಲಸ ಮಾಡುವುದು ಕಷ್ಟವಲ್ಲ, ಅಲ್ಲಾಡದೆ ಹಿಡಿದಿರುವುದು ಕಷ್ಟ. ತುಂಬಿದ ಬಿಂದಿಗೆಯನ್ನು ಎತ್ತಿ ಇಳಿಸುವುದಕ್ಕಿಂತ ಸೊಂಟದ ಮಟ್ಟದಲ್ಲಿ ಕೈ ಚಾಚಿ ಹಿಡಿದು ನಿಂತರೆ ಬೇಗ ಸೋಲುತ್ತೀರಿ. ತೆವಳುವ ಟ್ರಾಫಿಕ್‌ನಲ್ಲಿ ನಿಮ್ಮ ಪಾದ ಮಾಡುತ್ತಿರುವುದು ಅದನ್ನೇ. ಹಿಮ್ಮಡಿ ನೆಲಕ್ಕೆ ಕೂತರೆ ಅರ್ಧ ಭಾರ ನೆಲವೇ ಹೊರುತ್ತದೆ.

ಸ್ಪ್ರೇ ಬಗ್ಗೆ ನನಗೆ ತಕರಾರಿಲ್ಲ, ಆದರೆ ಬೆಳಗ್ಗೆ ಹೊಡೆದುಕೊಂಡು ಅದೇ ಕುಶನ್ ಮೇಲೆ ಕೂತು ಹೊರಟರೆ ಏನು ಬಂತು?

ಬೇರೆ ನೋವುಗಳ ಗುರುತು ಬೇರೆ. ಬೆಳಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿಯ ಕೆಳಗೆ ಚುಚ್ಚಿದರೆ ಅದು ಸಾಮಾನ್ಯವಾಗಿ ಪ್ಲಾಂಟಾರ್ ಫ್ಯಾಸಿಯೈಟಿಸ್. ಅಂಗಾಲಿನ ಪಟ್ಟಿಯ ತೊಂದರೆ. ಹಿಮ್ಮಡಿಯ ಹಿಂದೆ, ಮೀನಖಂಡ ಬಂದು ಸೇರುವ ಹುರಿಯಲ್ಲಿ ನೋವಾದರೆ ಸೀಟ್ ದೂರ ಇಟ್ಟು ಬೆರಳ ತುದಿಯಲ್ಲಿ ಕ್ಲಚ್ ಒತ್ತುವವರನ್ನು ನೆನೆಸಿಕೊಳ್ಳುತ್ತೇನೆ. ಸೊಂಟದಿಂದ ಶುರುವಾಗಿ ತೊಡೆಯ ಹಿಂದೆ ಇಳಿದು ಪಾದಕ್ಕೆ ಬಂದರೆ ಅದು ಕಾಲಿನದಲ್ಲ, ಬೆನ್ನಿನ ನರದ್ದು. ಗಂಡಸರು ಹಿಂದಿನ ಜೇಬಿನಲ್ಲಿ ದಪ್ಪ ಪರ್ಸ್ ಇಟ್ಟುಕೊಂಡು ಕೂರುವುದು ಇದನ್ನು ಕೆರಳಿಸುತ್ತದೆ.

ಎರಡು ವಿಷಯಕ್ಕೆ ಮಾತ್ರ ಕಾಯಬೇಡಿ. ಉದ್ದ ಪ್ರಯಾಣದ ಮೇಲೆ ಒಂದೇ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ. ಇನ್ನೊಂದು, ಸಕ್ಕರೆ ಕಾಯಿಲೆ ಇರುವವರಿಗೆ ಪಾದ ಮರಗಟ್ಟಿದರೆ ಪೆಡಲ್ ಮೇಲೆ ಕಾಲಿದೆಯೋ ಇಲ್ಲವೋ ಅನ್ನುವುದೇ ತಿಳಿಯದೆ ಹೋಗಬಹುದು. ನೋವಿಲ್ಲ ಅಂತ ಅವರು ಖುಷಿಪಡುವ ಹಾಗಿಲ್ಲ. ಡಾಕ್ಟರಿಗೆ ತೋರಿಸದೆ ಗಾಡಿ ಮುಟ್ಟಬಾರದು.

ವ್ಯಾಯಾಮ ಅಂದರೆ, ಇಳಿದ ಮೇಲೆ ಗೋಡೆಗೆ ಕೈ ಕೊಟ್ಟು ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲದಲ್ಲೇ ಇಟ್ಟು, ಮೀನಖಂಡ ಎಳೆಯುವ ಹಾಗೆ ಅರ್ಧ ನಿಮಿಷ ನಿಲ್ಲಿ. ಮೀನಖಂಡ ಬಿಗಿ ಇದ್ದಷ್ಟೂ ಮುಂದಿನ ಸ್ನಾಯು ಪಾದ ಎತ್ತಲು ಒದ್ದಾಡುತ್ತದೆ. ಅಷ್ಟು ಮಾಡಿದರೆ ಸದ್ಯಕ್ಕೆ ಸಾಕು.

ಸ್ಪ್ಯಾನರ್ 12-13:

ಸುಮ್ನೆ ಓದುತ್ತಿದ್ದೆ, ಆದರೆ ಗಾಡಿ ಕಡೆಯಿಂದ ಒಂದೆರಡು ಮಾತು ಹೇಳಲೇಬೇಕು.

ಸಣ್ಣ ಕಾರುಗಳಲ್ಲಿ ಬಲಗಡೆ ಮುಂದಿನ ಚಕ್ರದ ಗೂಡು ಡ್ರೈವರ್ ಕಾಲಿಡುವ ಜಾಗಕ್ಕೇ ನುಗ್ಗಿರುತ್ತದೆ. ಹಾಗಾಗಿ ಮೂರೂ ಪೆಡಲ್‌ಗಳು ಸ್ವಲ್ಪ ಎಡಕ್ಕೆ ಸರಿದಿರುತ್ತವೆ. ಸ್ಟಿಯರಿಂಗ್ ಎದೆಯ ನೇರಕ್ಕೆ ಇದ್ದರೂ ಕಾಲು ಎಡಕ್ಕೆ ಓರೆ. ಹಿಮ್ಮಡಿಯ ಗೀರು ಓರೆ ಬಂದಿದೆ ಅಂದಿರಿ, ಅದಕ್ಕೆ ಇದೂ ಒಂದು ಕಾರಣ ಇರಬಹುದು. ಅದನ್ನು ಬದಲಿಸಲಾಗುವುದಿಲ್ಲ. ಸೊಂಟ ಓರೆ ಮಾಡದೆ ಕೂತರೆ ಅಷ್ಟೇ ಸಾಕು.

ಪಾದದ ಕೆಳಗೆ ಎತ್ತರ ಬೇಕು ಅಂದರೆ ಜನ ಮಾಡುವ ಮೊದಲ ಕೆಲಸ ಮ್ಯಾಟ್ ಮೇಲೆ ಮ್ಯಾಟ್. ದಯವಿಟ್ಟು ಬೇಡ. ಮೇಲಿನದು ಜಾರಿ ಮುಂದೆ ಹೋಗಿ ಆಕ್ಸಿಲರೇಟರ್ ಕೆಳಗೋ ಮೇಲೋ ಸಿಕ್ಕಿಕೊಂಡರೆ ಗಾಡಿ ನಿಲ್ಲುವುದಿಲ್ಲ. 2009ರಲ್ಲಿ ಅಮೆರಿಕದಲ್ಲಿ ಟೊಯೋಟಾ ಸುಮಾರು 38 ಲಕ್ಷ ಗಾಡಿಗಳಿಗೆ ಮ್ಯಾಟ್ ಸಮಸ್ಯೆ ಅಂತಲೇ ರೀಕಾಲ್ ಹೊರಡಿಸಿತ್ತು. ಮ್ಯಾಟ್ ಅಂದರೆ ಅಷ್ಟು ಸಣ್ಣ ವಿಷಯವಲ್ಲ. ನಿಮ್ಮ ಗಾಡಿಗೆ ಅಳತೆ ಮಾಡಿದ ಒಂದೇ ಮ್ಯಾಟ್ ಇರಲಿ, ನೆಲದ ಕೊಕ್ಕೆಗೆ ಸಿಕ್ಕಿಸಿರಲಿ.

ಹಿಮ್ಮಡಿಗೆ ಎತ್ತರ ಬೇಕೇ ಬೇಕು ಅಂದರೆ ಜೆ.ಸಿ. ರಸ್ತೆಯಲ್ಲೋ ತುಮಕೂರಿನಲ್ಲೋ ಒಳ್ಳೆಯ ಟ್ರಿಮ್ಮಿಂಗ್ ಅಂಗಡಿಗೆ ಹೋಗಿ. ಮ್ಯಾಟ್‌ಗೇ ಹಿಮ್ಮಡಿ ಜಾಗದಲ್ಲಿ ಗಟ್ಟಿ ರಬ್ಬರ್ ಪಟ್ಟಿ ಹೊಲಿಸಿ. ಒಂದು, ಒಂದೂವರೆ ಸೆಂಟಿಮೀಟರ್ ದಪ್ಪ ಸಾಕು. ಅಂಟಿಸುವುದಲ್ಲ, ಹೊಲಿಸುವುದು. ಅಂಟು ಬೇಸಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ. ಹಾಕಿಸಿದ ಮೇಲೆ ಗಾಡಿ ನಿಂತಿರುವಾಗ ಮೂರೂ ಪೆಡಲ್ ಪೂರ್ತಿ ಒತ್ತಿ ನೋಡಿ, ಯಾವುದಕ್ಕೂ ತಡೆಯಬಾರದು.

ಸೀಟಿನ ಬೋಲ್ಟ್ ಬಿಚ್ಚಿ ಕೆಳಗೆ ಕಬ್ಬಿಣದ ತುಂಡು ಕೊಟ್ಟು ಎತ್ತರಿಸಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಒಪ್ಪಬೇಡಿ. ಅಪಘಾತವಾದಾಗ ನಿಮ್ಮ ಪೂರ್ತಿ ಭಾರ ತಡೆಯುವುದು ಆ ಬೋಲ್ಟ್‌ಗಳೇ.

ಎಡಗಾಲು ಚೆನ್ನಾಗಿದೆ ಅಂದಿರಿ, ಸಂತೋಷ. ಆದರೂ ಓದುವ ಬೇರೆಯವರಿಗೆ: ಕ್ಲಚ್ ದಿನೇ ದಿನೇ ಗಟ್ಟಿಯಾಗುತ್ತಿದ್ದರೆ ಕಾಲಿಗೆ ವಯಸ್ಸಾಯಿತು ಅಂದುಕೊಳ್ಳಬೇಡಿ. ಕೇಬಲ್ ಇರುವ ಗಾಡಿಯಲ್ಲಿ ಕೇಬಲ್ ಒಣಗಿ ಎಳೆ ಬಿಟ್ಟಿರುತ್ತದೆ. ಇಲ್ಲವೇ ಕ್ಲಚ್ ಪ್ಲೇಟ್ ಸವೆದಿರುತ್ತದೆ. ಪ್ಲೇಟ್ ಸವೆದರೆ ಪೆಡಲ್ ಭಾರವಾಗುತ್ತದೆ, ಗಾಡಿ ಹಿಡಿಯುವ ಜಾಗವೂ ಮೇಲಕ್ಕೆ ಬರುತ್ತದೆ. ಕಾಲನ್ನು ಇನ್ನೂ ಎತ್ತರದಲ್ಲಿ ತಡೆದು ಹಿಡಿಯಬೇಕಾಗುತ್ತದೆ. ಅದನ್ನು ಸೀಟ್ ಸರಿಸಿ ಸರಿ ಮಾಡಲಾಗುವುದಿಲ್ಲ, ಗ್ಯಾರೇಜ್‌ಗೇ ಹೋಗಬೇಕು.

ರಿಟೈರ್ಡ್ ಸ್ಟೇರಿಂಗು:

ಸರ್ಕಾರಿ ಬಸ್ ಓಡಿಸಿ ನಿವೃತ್ತನಾದವನು. ಬಸ್ಸಿನಲ್ಲಿ ಸೀಟ್ ಎತ್ತರ, ಕಾಲು ಮೇಲಿಂದ ಇಳಿಯುತ್ತದೆ. ಅಲ್ಲಿ ತೊಡೆಯಿಂದ ತುಳಿಯುವುದು ಜಾಸ್ತಿ, ಗಂಟಿನ ಕೆಲಸ ಕಡಿಮೆ. ಮೊದಲ ಸಲ ಮಗನ ಕಾರು ತಗೊಂಡಾಗ ನನಗೂ ಇದೇ ಎಳೆತ ಬಂತು, ಕಾಲು ಚಾಚಿ ಕೂತು ಬೆರಳಲ್ಲಿ ಓಡಿಸಬೇಕಾದ ಗಾಡಿ ಅದು. ನಾನಂತೂ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಓಡಿಸುತ್ತೇನೆ. ಪೆಡಲ್ ಚೆನ್ನಾಗಿ ತಿಳಿಯುತ್ತದೆ.

ಶಿರಾಡಿ ಸವಾರ:

ಅಣ್ಣಾ, ನಿಮ್ಮ ಸರ್ವಿಸ್‌ಗೆ ಮರ್ಯಾದೆ ಕೊಟ್ಟೇ ಹೇಳುತ್ತೇನೆ, ಬರಿಗಾಲು ನಾನು ಒಪ್ಪುವುದಿಲ್ಲ. ಪೆಡಲ್ ತಿಳಿಯುತ್ತದೆ ನಿಜ. ಆದರೆ ಜೋರಾಗಿ ಬ್ರೇಕ್ ಒತ್ತುವಾಗ ಅಷ್ಟೂ ಒತ್ತಡ ಅಂಗಾಲಿನ ಒಂದು ಪಟ್ಟಿಗೆ ಬೀಳುತ್ತದೆ, ಕಾಲು ತಾನಾಗಿ ಹಿಂಜರಿಯುತ್ತದೆ. ಅದಕ್ಕಿಂತ ಭಯದ್ದು ಬಿಟ್ಟ ಚಪ್ಪಲಿ. ಅದು ಎಲ್ಲಿರುತ್ತದೆ? ಕಾಲ ಹತ್ತಿರವೇ. ಶಿರಾಡಿಯಲ್ಲಿ ದೋಣಿಗಲ್‌ನಿಂದ ಗುಂಡ್ಯ ಕಡೆ ಇಳಿಯುವಾಗ ಅದು ಮುಂದೆ ಜಾರಿ ಬ್ರೇಕ್ ಕೆಳಗೆ ಸೇರಿದರೆ ದೇವರೇ ಗತಿ. ಚಪ್ಪಲಿ ಬಿಡುವುದಾದರೆ ಪಕ್ಕದ ಸೀಟಿನ ಕೆಳಗೆ ಎಸೆಯಿರಿ.

ಮೇಡಂ, ನಿಮಗೆ ಪಾದರಕ್ಷೆ ಅಂದರೆ ತೆಳು ಅಡಿಯ, ಹಿಂದೆ ಹಿಮ್ಮಡಿ ಹಿಡಿಯುವ ಷೂ. ದಪ್ಪ ಅಡಿಯ ಓಡುವ ಷೂ ಬೇಡ, ಪೆಡಲ್ ಎಲ್ಲಿದೆ ಅಂತಲೇ ತಿಳಿಯುವುದಿಲ್ಲ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿಯನ್ನು ಬೆರಳು ಮಡಚಿ ಹಿಡಿದುಕೊಂಡೇ ಓಡಿಸಬೇಕು, ಆ ಹಿಡಿತವೂ ಅದೇ ಮುಂಗಾಲಿಗೆ ಕೆಲಸ. ದಂಡದ ವಿಷಯ ಬೇರೆ. 2019ರಲ್ಲಿ ಹೊಸ ದಂಡಗಳು ಬಂದಾಗ ಚಪ್ಪಲಿಗೂ ದಂಡ ಅಂತ ವಾಟ್ಸಾಪ್‌ನಲ್ಲಿ ಓಡಾಡಿತು. ಹಾಗೇನೂ ಇಲ್ಲ ಅಂತ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರ ಕಚೇರಿಯೇ ಹೇಳಿತ್ತು. ದಂಡ ಇಲ್ಲ ಅಂದ ಮಾತ್ರಕ್ಕೆ ಕಾಲಿಗೆ ಒಳ್ಳೆಯದು ಅಂತಲ್ಲ.

ಕುಶನ್ ಬದಲಿಸಿ. ಮೆತ್ತನೆಯದು ಕೂತ ಮೇಲೆ ತಗ್ಗುತ್ತದೆ, ತಿರುವಿನಲ್ಲಿ ಅಲ್ಲಾಡುತ್ತದೆ, ನೀವು ಕಾಲಿನಿಂದ ಸಾವರಿಸಿಕೊಳ್ಳುತ್ತೀರಿ. ಗಟ್ಟಿ ಫೋಮ್‌ನದು, ಹಿಂದೆ ದಪ್ಪ ಮುಂದೆ ತೆಳು ಇರುವ ಇಳಿಜಾರಿನ ಕುಶನ್ ಸಿಗುತ್ತದೆ. ಮುಂದೆ ತೆಳು ಇದ್ದರೆ ತೊಡೆ ಏಳುವುದಿಲ್ಲ, ಹಿಮ್ಮಡಿ ಕೆಳಗೆ ಬರುತ್ತದೆ. ಕಣ್ಣಿನ ಎತ್ತರವೂ ಸಿಗುತ್ತದೆ. ಸೀಟಿಗೆ ಕಟ್ಟುವ ಪಟ್ಟಿ ಇರುವಂಥದ್ದೇ ತಗೊಳ್ಳಿ. ಆಮೇಲೆ ಬಾನೆಟ್ ಪೂರ್ತಿ ಕಾಣಬೇಕು ಅನ್ನುವ ಹಟ ಬಿಡಿ. ಈಗಿನ ಕಾರುಗಳಲ್ಲಿ ಯಾರಿಗೂ ಪೂರ್ತಿ ಕಾಣುವುದಿಲ್ಲ. ರಸ್ತೆ ಕಂಡರೆ ಸಾಕು.

ಎಂಟನೇ ಮೈಲಿಯ ತೆವಳಾಟದ ಬಗ್ಗೆ. ಮುಂದಿನ ಗಾಡಿ ಎರಡು ಮಾರು ಸರಿದ ತಕ್ಷಣ ನೀವೂ ಸರಿಯಬೇಡಿ. ಜಾಗ ಬಿಡಿ. ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಲಿ. ಒಂದು ಗಾಡಿಯಷ್ಟು ಜಾಗ ಆದ ಮೇಲೆ ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟರೆ ಆಕ್ಸಿಲರೇಟರ್ ಮುಟ್ಟದೆಯೇ ಗಾಡಿ ತಾನೇ ಉರುಳುತ್ತದೆ. ಬಲಗಾಲು ನೆಲದಲ್ಲೇ ಕೂತಿರುತ್ತದೆ, ಬ್ರೇಕಿಗೆ ತಿರುಗಲು ಸಿದ್ಧ. ಪೂರ್ತಿ ನಿಂತರೆ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಎರಡೂ ಕಾಲು ಕೆಳಗೆ. ಬ್ರೇಕ್ ತುಳಿದುಕೊಂಡೇ ಸಿಗ್ನಲ್ ಕಾಯುವವರೇ ಎಲ್ಲ ಕಡೆ.

ಘಾಟಿ ಇಳಿಯುವಾಗಲೂ ಹಾಗೇ. ಬ್ರೇಕ್ ಮೇಲೆ ಕಾಲು ಇಟ್ಟುಕೊಂಡೇ ಇಳಿದರೆ ಕಾಲೂ ಹೋಗುತ್ತದೆ, ಬ್ರೇಕೂ ಕಾದು ಹಿಡಿತ ಬಿಡುತ್ತದೆ. ಎರಡನೇ ಗೇರಿಗೆ ಹಾಕಿ ಇಂಜಿನ್ನೇ ತಡೆಯಲಿ.

ಇನ್ನು ವಿಶ್ರಾಂತಿ. 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, 5 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ಬಿಡುವು ಅಂತ ಬರೆದಿತ್ತು. ನಮ್ಮ ಸ್ಟ್ಯಾಂಡಿನಲ್ಲಿ ಇದನ್ನು ಹೇಳಿದರೆ ನಗುತ್ತಾರೆ. ಏರ್‌ಪೋರ್ಟ್ ಟ್ರಿಪ್ ಮುಗಿಸಿ ಬಂದವನಿಗೆ ಚಹಾ ಕುಡಿಯುವ ಮೊದಲೇ ಮುಂದಿನ ಫೋನ್ ಬಂದಿರುತ್ತದೆ. ನೀವು ಸ್ವಂತ ಗಾಡಿಯವರು, ನಿಮ್ಮ ಕೈಯಲ್ಲಿದೆ. ದಾಬಸ್‌ಪೇಟೆಯಲ್ಲಿ ಐದು ನಿಮಿಷ ನಿಲ್ಲಿಸಿ ಇಳಿದು ನಡೆಯಿರಿ. ನೋವು ಬಂದ ಮೇಲಲ್ಲ, ಬರುವ ಮೊದಲು.

ಒಂದೇ ಪೆಡಲ್:

ನನ್ನದು ಎಲೆಕ್ಟ್ರಿಕ್ ಕಾರು, ಬೆಂಗಳೂರು–ಮೈಸೂರು ಓಡಾಟ. ಇದರಲ್ಲಿ ಇನ್ನೊಂದು ತರ. ಕಾಲು ಎತ್ತಿದರೆ ಗಾಡಿಯೇ ಬ್ರೇಕ್ ಹಿಡಿದು ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ಅದನ್ನು ಜೋರಾಗಿ ಇಟ್ಟರೆ ಊರೊಳಗೆ ಮಜಾ, ಬ್ರೇಕ್ ಮುಟ್ಟುವುದೇ ಬೇಡ. ಆದರೆ ಎಕ್ಸ್‌ಪ್ರೆಸ್‌ವೇಯಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ಹೋದರೆ ಪಾದಕ್ಕೆ ಒಂದು ಕ್ಷಣವೂ ಬಿಡುವಿಲ್ಲ, ಒಂದೇ ಕೋನದಲ್ಲಿ ಹಿಡಿದಿರಬೇಕು. ನಾನು ಹೆದ್ದಾರಿಗೆ ಬಂದ ಮೇಲೆ ಅದನ್ನು ಕಮ್ಮಿ ಮಾಡಿ ಕ್ರೂಸ್ ಕಂಟ್ರೋಲ್ ಹಾಕುತ್ತೇನೆ. ಮಳೆಯಲ್ಲಿ ಹಾಕುವುದಿಲ್ಲ.

ಮಲ್ಲೇಶ್ವರ ಮೂಲೆ:

ಸರಿ ಸರಿ, ಆಟೋಮ್ಯಾಟಿಕ್ ಮಾತು ವಾಪಸ್. ಆದರೂ ಅದರಲ್ಲಿ ಎಡಗಾಲು ಆರಾಮಾಗಿರುತ್ತದೆ ಅಲ್ವಾ!

ಕಲ್ಪತರು ಗಾಡಿ:

ಎಲ್ಲರಿಗೂ ಥ್ಯಾಂಕ್ಸ್. ಫಿಸಿಯೋ ಹೇಳಿದ ಕುರ್ಚಿ ಪರೀಕ್ಷೆ ಆಫೀಸಿನಲ್ಲೇ ಮಾಡಿದೆ. ಒಂದು ನಿಮಿಷ ಕೂಡ ಬೇಕಾಗಲಿಲ್ಲ, ಅದೇ ಎಳೆತ, ಅದೇ ಜಾಗ. ಎದುರಿಗೆ ಕೂತವರು ಕಾಲಿಗೆ ಏನಾಯಿತು ಅಂತ ಮೇಜಿನ ಕೆಳಗೆ ಬಗ್ಗಿ ನೋಡಿದರು.

ಸೋಫಾ ಕುಶನ್ ಸೋಫಾಕ್ಕೆ ವಾಪಸ್ ಹೋಯಿತು. ಇಳಿಜಾರಿನ ಗಟ್ಟಿ ಕುಶನ್ ತಂದೆ. ಮ್ಯಾಟ್‌ಗೆ ರಬ್ಬರ್ ಹೊಲಿಸಿದೆ. ಹೊಲಿಯುವವರು "ಇದು ಯಾಕೆ ಮೇಡಂ, ಇಲ್ಲಿ ಯಾರೂ ಹಾಕಿಸಲ್ಲ" ಅಂದರು. ಕೂತು ತೋರಿಸಿದ ಮೇಲೆ ಅರ್ಥವಾಯಿತು. ಈಗ ಹಿಮ್ಮಡಿ ನೆಲದಲ್ಲಿದ್ದೇ ಬ್ರೇಕಿಗೆ ಪಾದದ ಉಬ್ಬು ಸಿಗುತ್ತದೆ. ಸೀಟ್ ಮೊದಲಿಗಿಂತ ಸ್ವಲ್ಪ ಹಿಂದೆ ಹೋಯಿತು, ಇದು ನಾನು ಅಂದುಕೊಂಡಿರಲಿಲ್ಲ. ಕುಶನ್ ನನ್ನನ್ನು ಮುಂದೆ ತಳ್ಳುತ್ತಿತ್ತು ಅನ್ನಿಸುತ್ತದೆ.

ನೋವು ಪೂರ್ತಿ ಹೋಗಿಲ್ಲ. ನೆಲಮಂಗಲದಲ್ಲಿ ಶುರುವಾಗುತ್ತಿದ್ದದ್ದು ಈಗ ಜಾಲಹಳ್ಳಿ ಕ್ರಾಸ್ ಹತ್ತಿರ ಸಣ್ಣಗೆ ಬರುತ್ತದೆ, ಇಳಿದ ಮೇಲೆ ಕುಂಟುವುದಿಲ್ಲ. ಹಾರ್ನ್ ಹೊಡೆಸಿಕೊಳ್ಳುವುದು ಮಾತ್ರ ಇನ್ನೂ ಅಭ್ಯಾಸವಾಗಿಲ್ಲ.

ಇನ್ನೊಂದು ತೊಂದರೆ. ನಮ್ಮ ಯಜಮಾನರು 5 ಅಡಿ 11 ಇಂಚು. ಭಾನುವಾರ ಅವರು ಓಡಿಸಿದರೆ ಸೀಟ್, ಬೆನ್ನು, ಸ್ಟಿಯರಿಂಗ್ ಎಲ್ಲ ಅವರದ್ದು. ಸೋಮವಾರ ಬೆಳಗ್ಗೆ ಕತ್ತಲಲ್ಲಿ ಮತ್ತೆ ಮೊದಲಿಂದ ಹುಡುಕಬೇಕು. ಇದಕ್ಕೆ ಏನಾದರೂ ದಾರಿ ಇದೆಯಾ?

ನೋವಿನ ಕೀಲು:

ಒಳ್ಳೆಯದಾಯಿತು. ಕೆಲವು ವಾರ ನೋಡಿ. ಹೀಗೆಯೇ ಕಮ್ಮಿಯಾಗುತ್ತಾ ಬರಬೇಕು. ಗಾಡಿ ಓಡಿಸದ ದಿನವೂ ನೋವು ಶುರುವಾದರೆ ಮಾತ್ರ ಹತ್ತಿರದಲ್ಲಿ ಯಾರಿಗಾದರೂ ತೋರಿಸಿ. ಆಲೂಗಡ್ಡೆ ತಿನ್ನಿ.

ಶಿರಾಡಿ ಸವಾರ:

ನಮ್ಮಲ್ಲಿ ಒಂದೇ ಗಾಡಿಯನ್ನು ಹಗಲು ಒಬ್ಬ, ರಾತ್ರಿ ಒಬ್ಬ ಓಡಿಸುತ್ತಾರೆ. ಇದು ದಿನದ ಜಗಳ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಅಲ್ಲಿಂದ ಮುಂದೆ ಎಳೆಯುವಾಗ ಟಕ್ ಟಕ್ ಅನ್ನುತ್ತದಲ್ಲ, ನಿಮ್ಮ ಜಾಗಕ್ಕೆ ಎಷ್ಟು ಟಕ್ ಅಂತ ಎಣಿಸಿಟ್ಟುಕೊಳ್ಳಿ. ಕತ್ತಲಲ್ಲೂ ಕಿವಿಗೆ ಕೇಳುತ್ತದೆ. ಬೆನ್ನು ವಾಲಿಸುವುದು ಹಿಡಿ ಎಳೆಯುವ ತರದ್ದಾದರೆ ಅದಕ್ಕೂ ಹೀಗೇ ಎಣಿಸಬಹುದು. ಗುಂಡಗೆ ತಿರುಗಿಸುವ ತರದ್ದಾದರೆ ಸೀಟಿನ ಪಕ್ಕ, ಬೆನ್ನು ಸೇರುವ ಕಡೆ, ಎರಡು ಚೂರು ಬಿಳಿ ಟೇಪ್ ಅಂಟಿಸಿ. ಎರಡೂ ಒಂದೇ ಗೆರೆಗೆ ಬಂದರೆ ನಿಮ್ಮ ಜಾಗ. ಸ್ಟಿಯರಿಂಗ್ ನಿಮಗೆ ಪೂರ್ತಿ ಕೆಳಗೆ ಬೇಕಾಗಬಹುದು, ಅದಕ್ಕೆ ಗುರುತು ಬೇಡ.

ಸೀಟ್ ಕೂತ ಮೇಲೆ ಒಂದು ಸಲ ಹಿಂದೆ ಮುಂದೆ ಅಲ್ಲಾಡಿಸಿ ಬೀಗ ಬಿದ್ದಿದೆಯಾ ನೋಡಿ. ಅರ್ಧ ಕಚ್ಚಿದ ಸೀಟ್ ಬ್ರೇಕ್ ಹೊಡೆದಾಗ ಜಾರುತ್ತದೆ. ಕನ್ನಡಿಗಳು ಎಲ್ಲಕ್ಕಿಂತ ಕೊನೆಗೆ. ನೀವು ಕೂತ ಎತ್ತರ ಬದಲಾಗಿದೆ, ಹಾಗಾಗಿ ಹಳೇ ಕನ್ನಡಿ ಈಗ ಆಕಾಶ ತೋರಿಸುತ್ತಿರಬಹುದು.

ಯಜಮಾನರಿಗೆ ಒಂದು ಮಾತು ಹೇಳಿಡಿ. ಭಾನುವಾರ ಕುಶನ್ ತೆಗೆದರೆ ಹಿಂದಿನ ಸೀಟ್ ಮೇಲೆ ಇಡಲಿ, ಡಿಕ್ಕಿಯಲ್ಲಿ ಸ್ಟೆಪ್ನಿ ಪಕ್ಕ ತುರುಕುವುದು ಬೇಡ.